ಖಾಲಿ ಡಬ್ಬಿಯೊಳಗಿನ ಬೆಳಕು

ಯಲಹಂಕದ ನಮ್ಮ ಪುಟ್ಟ ಕಂಪನಿಯಲ್ಲಿ ತಯಾರಾಗುವ ಯಂತ್ರ, ರೆಪ್ಪೆ ಬಡಿಯುವುದರೊಳಗೆ ಕೋಟಿ ಸಲ ಹುಟ್ಟಿ ಆರಬಲ್ಲಂಥ ಬೆಳಕನ್ನು ಅಳೆಯುತ್ತದೆ. ಔಷಧಿಯ ಹನಿಗೆ ನೀಲಿ ಲೇಸರ್ ಹೊಡೆದರೆ ಅದು ಮಿನುಗುತ್ತದೆ. ಆ ಮಿನುಗು ಎಷ್ಟು ಬೇಗ ಆರಿತು ಅನ್ನುವುದೇ ನಮ್ಮ ಲೆಕ್ಕ. ವೇಗಕ್ಕೇನೂ ಕೊರತೆಯಿರಲಿಲ್ಲ. ಮಂದ ಬೆಳಕು ಮಾತ್ರ ಅದಕ್ಕೆ ಕಾಣುತ್ತಿರಲಿಲ್ಲ, ಥೇಟ್ ಸಂಜೆ ಮೇಲೆ ಕಾರು ಓಡಿಸುವ ನಮ್ಮ ಕಂಪನಿ ಯಜಮಾನರ ಹಾಗೆ.

ಅದಕ್ಕೇ ನಾನು ಹೊಸ ಸೆನ್ಸರ್ ಕೂರಿಸಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ದಸರಾ ರಜೆ ಮುಗಿಸಿ ಬಂದು ಅದನ್ನು ಕೂರಿಸಿ ಮೊದಲ ಸಲ ಆನ್ ಮಾಡಿದರೆ, ಒಳಗೆ ಹನಿ ಇಡದೆಯೇ ಪರದೆಯ ಮೇಲೆ ಬೆಳಕಿನ ಗೆರೆ ಗುಡ್ಡವಾಗಿ ಎದ್ದಿದೆ! ಖಾಲಿ ಡಬ್ಬಿಯಲ್ಲಿ ಎಲ್ಲಿಯ ಬೆಳಕು?

ಆರ್‌ಟಿ ನಗರದಿಂದ ಹೊರಟು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬೆಂದು ಬಂದ ಯಜಮಾನರು ಪರದೆ ನೋಡಿ ಮುಖ ಸಿಂಡರಿಸಿದರು.

"ನಿಮ್ ಸೆನ್ಸರ್ ಇಲ್ಲದ್ದನ್ನೆಲ್ಲ ನೋಡುತ್ತೆ ಕಣಮ್ಮ. ನಾಳೆ ಗಿರಾಕಿ ಬರ್ತಾರೆ. ಹಳೇದನ್ನೇ ಹಾಕ್ಬಿಡಿ."

"ಸಂಜೆ ತನಕ ಬಿಡಿ ಸಾರ್" ಅಂದೆ. ಹಳೆಯದು ಒಮ್ಮೆ ಒಳಗೆ ಕೂತರೆ ನನ್ನದು ಕಪಾಟು ಸೇರುವುದು ಖಾತ್ರಿಯಿತ್ತು. ನನಗೆ ಅಳುವೇ ಬಂದಿತ್ತು, ಸಿಟ್ಟು ಅದನ್ನು ತಡೆದಿತ್ತು.

ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದೆ. ಕೇಬಲ್ ಬದಲಿಸಿದೆ. ಹಳೆಯ ಸೆನ್ಸರ್ ಹಾಕಿ ನೋಡಿದೆ, ಗೆರೆ ನುಣ್ಣಗೆ ಮಲಗಿತ್ತು. ನನ್ನದು ಹಾಕಿದರೆ ಮತ್ತೆ ಗುಡ್ಡ. ಕೊನೆಗೆ ಲೇಸರ್ ಕನ್ನಡಕ ಹಾಕಿಕೊಂಡು ಯಂತ್ರದ ಮುಚ್ಚಳ ಬಿಚ್ಚಿ ವಾಲಿಸಿದೆ. ಅದರ ಒಳಮೈಯಲ್ಲಿ ಒಂದು ಬೊಟ್ಟು ಹಸಿರು ಹಳದಿಯಾಗಿ ಹೊಳೆಯುತ್ತಿತ್ತು. ಲೇಸರ್ ಆರಿಸಿ ಬೆರಳಿಟ್ಟು ಮೂಸಿದೆ. ಅರಿಶಿನ! ನೀಲಿ ಬೆಳಕು ಬಿದ್ದರೆ ಅದೂ ಔಷಧಿಯ ಹನಿಯ ಹಾಗೇ ಮಿನುಗುತ್ತದೆ.

ಯಜಮಾನರನ್ನು ಕೂಗಿ ಕರೆದೆ. ಬೆರಳು ನೋಡಿದ್ದೇ ಅವರ ದನಿ ಇಳಿಯಿತು.

"ಆಯುಧ ಪೂಜೆ ದಿನ ನಾನೇ ಇಟ್ಟಿದ್ದು. ಹೊರಗಿಟ್ರೆ ಪೇಂಟ್ ಹಾಳಾಗುತ್ತಲ್ಲ, ಗಿರಾಕಿಗಳು ನೋಡೋದು ಬೇರೆ. ಅದಕ್ಕೇ ಒಳಗಿಟ್ಟೆ."

"ಲೇಸರ್ ಓಡಾಡೋ ಜಾಗದಲ್ಲಾ ಸಾರ್?"

"ಪ್ರತಿ ವರ್ಷ ಅಲ್ಲೇ ಇಡೋದು ಕಣ್ರೀ! ಒಂದ್ ಸಲಾನೂ ತೊಂದ್ರೆ ಆಗಿಲ್ಲ. ಯಂತ್ರಕ್ಕೆ ಗೊತ್ತೇ ಆಗಿಲ್ಲ..."

ಹೇಳುತ್ತಲೇ ಅವರ ಕಣ್ಣು ಹಳೆಯ ಸೆನ್ಸರಿನತ್ತ ಹೊರಳಿತು. ನಾನು ತುಟಿ ಕಚ್ಚಿಕೊಂಡು ನಿಂತೆ, ಮಾತಾಡಿದ್ದರೆ ನಕ್ಕುಬಿಡುತ್ತಿದ್ದೆ. ಇಷ್ಟು ವರ್ಷ ಹಳೆಯ ಸೆನ್ಸರಿಗೆ ಕಾಣದೆ ಹೋದದ್ದನ್ನು ನನ್ನದು ಮೊದಲ ದಿನವೇ ಹಿಡಿದಿತ್ತು, ಅದನ್ನು ಅವರೇ ಬಾಯಿಬಿಟ್ಟು ಹೇಳಿಯಾಗಿತ್ತು.

ದೇವರಿಗಿಟ್ಟ ಬೊಟ್ಟು ಇನ್ನೊಬ್ಬರು ಅಳಿಸುವುದು ಬೇಡವೆಂದು ಅವರೇ ಹತ್ತಿಗೆ ಸ್ಪಿರಿಟ್ ಹಚ್ಚಿ, ಕಣ್ಣಿಗೊತ್ತಿಕೊಂಡು ಒರೆಸಿದರು. ಪರದೆಯ ಗುಡ್ಡ ಮಾಯವಾಯಿತು. ಹಳೆಯದು ಎಂದೂ ಗುರುತಿಸದಿದ್ದ ತೆಳು ಹನಿಯೊಂದನ್ನು ಇಟ್ಟೆ. ಸಣ್ಣದೊಂದು ದಿಬ್ಬ ಎದ್ದಿತು. ಅಬ್ಬ, ಆ ಖುಷಿ!

ಯಜಮಾನರು ಬಗ್ಗಿ ಆ ದಿಬ್ಬವನ್ನು ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಹಳೆಯ ಸೆನ್ಸರನ್ನು ತಾವೇ ಕಪಾಟಿನೊಳಗಿಟ್ಟು, "ನಾಳೆ ಗಿರಾಕಿಗೆ ನೀವೇ ತೋರ್ಸಿ" ಅಂದರು.