ಚೌಕಾಬಾರ ಆಡಿದ್ದು ನಾನಲ್ಲ

ಅಕ್ಕ, ಎರಡು ವರ್ಷದ ಹಿಂದೆ ಮೂರು ತಿಂಗಳು ನಿನ್ನ ಜೊತೆ ಮೊಬೈಲಿನಲ್ಲಿ ಚೌಕಾಬಾರ ಆಡಿದ್ದು ನಾನಲ್ಲ. ಮೊದಲ ವಾರವೇನೋ ನಾನೇ. ಆಮೇಲೆ ಆಡಿದ್ದು ಮೊಬೈಲು — ಅದರಷ್ಟಕ್ಕೆ ಅದು. ಇದನ್ನು ಇಷ್ಟು ದಿನ ನುಂಗಿಕೊಂಡಿದ್ದೆ.

ಮಂಡಿ ಆಪರೇಷನ್ ಆಗಿ ನೀನು ಹೊಸಕೆರೆಹಳ್ಳಿಯ ಮನೆಯಲ್ಲಿದ್ದೆ. ಜಯನಗರದಲ್ಲಿ ಊರವರ ಮಂಡಿಗೆಲ್ಲ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ತಂಗಿಯಾದ ನನಗೆ ಅಲ್ಲಿಗೆ ಬರಲು ಪುರುಸೊತ್ತಿರಲಿಲ್ಲ. ಭಾನುವಾರ ಒಂದು ಗಂಟೆ, ಅದೂ ಗಡಿಯಾರ ನೋಡುತ್ತಾ. ನೀನೋ ಹೆದರಿಕೊಂಡು ಕುರ್ಚಿ ಬಿಟ್ಟು ಏಳುತ್ತಲೇ ಇರಲಿಲ್ಲ. ಅದಕ್ಕೇ ಇಬ್ಬರ ಫೋನಿಗೂ ನಾನೇ ಆ ಆಟ ಹಾಕಿದೆ. ಕವಡೆ ಹಾಕಿ ಕಾಯಿ ನಡೆಸಲು ಅರ್ಧ ನಿಮಿಷ — ಒಬ್ಬ ಪೇಷೆಂಟ್ ಎದ್ದು ಇನ್ನೊಬ್ಬರು ಮಲಗುವಷ್ಟರಲ್ಲಿ ಮುಗಿಯುತ್ತಿತ್ತು. ನನ್ನ ದಿನದೊಳಗೆ ಇಷ್ಟು ಸಲೀಸಾಗಿ ಕೂರುವಂಥದ್ದು ಬೇರೊಂದಿಲ್ಲ ಎಂದು ಬೀಗಿದ್ದೆ. ನಾನು ಒಂದು ಕಾಯಿ ನಡೆಸಿದರೆ ನೀನು ಅಡುಗೆಮನೆಯವರೆಗೆ ಹೋಗಿ ಬಂದು ನಿನ್ನದನ್ನು ನಡೆಸಬೇಕು. ಆ ನಿಯಮವೂ ನನ್ನದೇ.

ಆ ಅರ್ಧ ನಿಮಿಷವೂ ನನಗೆ ಹೊರೆಯಾಯಿತು. ಆಟದಲ್ಲೊಂದು ಬಟನ್ ಇತ್ತು, ಒತ್ತಿದರೆ ನನ್ನ ಪರವಾಗಿ ಅದೇ ಆಡುತ್ತದೆ. ಒಂದು ಸಂಜೆಯ ಮಟ್ಟಿಗೆ ಎಂದುಕೊಂಡು ಒತ್ತಿದೆ... ಆಮೇಲೆ ತೆಗೆಯಲಿಲ್ಲ. ತೆಗೆಯಬಹುದಿತ್ತು.

ಮೂರು ತಿಂಗಳಾದ ಮೇಲೆ ನೀನು ಒಬ್ಬಳೇ ಆಟೋ ಹತ್ತಿಕೊಂಡು ನನ್ನ ಕ್ಲಿನಿಕ್ಕಿಗೆ ಬಂದೆ, ಕೈಯಲ್ಲಿ ಕೋಡುಬಳೆ ಡಬ್ಬಿ. ಪೇಷೆಂಟುಗಳ ಎದುರಿಗೇ ಹೇಳಿದೆ:

“ಎಷ್ಟು ಕೆಲ್ಸ ಇದ್ರೂ ನೀನು ತಕ್ಷಣ ಕಾಯಿ ನಡೆಸ್ತಿದ್ದೆ ಕಣೇ. ಪಾಪ, ನಂಗೋಸ್ಕರ ಕಾಯ್ತಿರ್ತಾಳೆ ಅಂತ ನಾನೂ ಬೇಗ ಬೇಗ ಎದ್ದು ಓಡಾಡ್ದೆ. ಚಿಕ್ಕೋಳಿದ್ದಾಗ ಕೈಗೆ ಸಿಕ್ಕಿದ ನನ್ನ ಕಾಯಿ ಹೊಡೀದೆ ಬಿಟ್ಟೋಳೇ ಅಲ್ಲ ನೀನು. ಈಗ ಎಷ್ಟು ಸಲ ಬಿಟ್ಟೆ ನೋಡು.”

ನಾನು ನಕ್ಕೆ. ಅಷ್ಟೇ — ನಕ್ಕು ಡಬ್ಬಿ ಇಸಿದುಕೊಂಡೆ.

ಕಾಲು ಗಟ್ಟಿಯಾಯಿತಲ್ಲ, ಹೇಗಾದರೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆದರೆ ನೋವು ನುಂಗಿಕೊಂಡು ನೀನು ಓಡಾಡಿದ್ದು ನಾನು ಕಾಯುತ್ತಿದ್ದೇನೆಂದು. ನಾನು ಅಲ್ಲಿ ಇರಲೇ ಇಲ್ಲ. ನಿನ್ನ ಕಾಯಿ ಹೊಡೆಯದೆ ಬಿಟ್ಟಿದ್ದೂ ಮೊಬೈಲೇ. ನೆನೆದಾಗಲೆಲ್ಲ ನಾಚಿಕೆಯಾಗುತ್ತದೆ.

ಕಳೆದ ವಾರ ನಿನ್ನ ಇನ್ನೊಂದು ಮಂಡಿಗೂ ಆಪರೇಷನ್ ಆಯಿತು. ನಿನ್ನೆ ಫೋನಿನಲ್ಲಿ ನೀನು, ಮತ್ತೆ ಆಟ ಶುರು ಮಾಡೋಣವಾ ಎಂದು ಕೇಳಿದೆ. ಆ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಶುರು ಮಾಡಲು ನನ್ನಿಂದ ಆಗದು, ಅದಕ್ಕೇ ಇದನ್ನು ಬರೆದೆ.

ಬೆಳಿಗ್ಗೆ ಆ ಬಟನ್ ಆಫ್ ಮಾಡಿದ್ದೇನೆ. ಮಂಗಳವಾರ, ಗುರುವಾರ ಸಂಜೆಯ ಪೇಷೆಂಟುಗಳನ್ನು ಬೇರೆ ದಿನಕ್ಕೆ ಹಾಕಿದ್ದೇನೆ. ಆ ಹೊತ್ತಿಗೆ ನಿನ್ನ ಪಕ್ಕದಲ್ಲಿ ಹೆಜ್ಜೆ ಹಾಕುತ್ತಿರುತ್ತೇನೆ. ಇದನ್ನು ಓದಿ ನೀನು ಆಡುವುದಿಲ್ಲ ಎಂದರೂ ಬರುತ್ತೇನೆ. ಆಡುತ್ತೇನೆ ಎಂದರೆ — ಉಳಿದ ದಿನ ನನ್ನ ಸರದಿ ತಡವಾಗುತ್ತದೆ, ಬೈದುಕೋ. ಕೈಗೆ ಸಿಕ್ಕರೆ ನಿನ್ನ ಕಾಯಿ ಮಾತ್ರ ಬಿಡುವುದಿಲ್ಲ, ಅಕ್ಕ. ಹೊಡೆದ ಕೂಡಲೇ ನಿನಗೆ ಗೊತ್ತಾಗಲಿ, ಆಡುತ್ತಿರುವುದು ನಾನೇ ಎಂದು.