ಗೂಡಿನಂಥ ಚಾಪೆಲ್ಲಿನ ಕಿವುಡಜ್ಜಿ

ಊರಿನ ದೊಡ್ಡ ಚರ್ಚಿನಲ್ಲಿ ಇಟ್ಟಿಗೆ ಗೂಡಿನ ಕೂಲಿಗಳಿಗೆ ಬೆಂಚು ಸಿಗುತ್ತಿರಲಿಲ್ಲ. ಮಣ್ಣು ಮೆತ್ತಿದ ಕಾಲು ಕಂಡರೆ ಹೊರಗಿನ ಮೆಟ್ಟಿಲು ತೋರಿಸುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಅಂದವನು ಕೆಸರು ಮುಟ್ಟಿದವನಲ್ಲ. ರೋಸಿಹೋದ ಕೂಲಿಗಳು ತಮ್ಮದೇ ಚಾಪೆಲ್ ಕಟ್ಟಿಕೊಂಡರು. ಅವರಿಗೆ ಕಟ್ಟಲು ಬರುತ್ತಿದ್ದದ್ದು ಗೂಡೊಂದೇ, ಅದನ್ನೇ ಕಟ್ಟಿದರು. ದುಂಡನೆಯ ಗೋಡೆ, ಇಟ್ಟಿಗೆಯ ಗುಮ್ಮಟ, ನೆತ್ತಿಯಲ್ಲೊಂದು ಹೊಗೆತೂತು, ತಲೆ ತಗ್ಗಿಸಿ ನುಗ್ಗಬೇಕಾದ ಒಂದೇ ಬಾಗಿಲು. ಕಿಟಕಿ ಇಲ್ಲ. ಗೂಡಿಗೆ ಯಾರು ಕಿಟಕಿ ಇಡುತ್ತಾರೆ? ಬೇಸಿಗೆಯಲ್ಲಿ ಪೂಜೆ ಮುಗಿಸಿ ಹೊರಬಂದವರು ಹದವಾಗಿ ಬೆಂದಿರುತ್ತಿದ್ದರು.

ತೊಂದರೆ ಬಂದದ್ದು ಪಾಪನಿವೇದನೆಯಲ್ಲಿ. ಮರದ ಪೆಟ್ಟಿಗೆಯೊಳಗೆ ಪಾದ್ರಿಗೆ ಪಿಸುಗುಟ್ಟಿದ್ದು ದುಂಡು ಗೋಡೆ ಹಿಡಿದು ಜಾರಿ, ನೇರ ಎದುರಿಗೆ ಕೂತವರ ಕಿವಿಗೆ ಬೀಳುತ್ತಿತ್ತು. ಗೋಡೆಗೆ ಕಿವಿ ಎಲ್ಲ ಕಡೆಯೂ ಇರುತ್ತದೆ; ಇದಕ್ಕೆ ಬಾಯಿಯೂ ಇತ್ತು. ಹಿಂದೊಮ್ಮೆ ಗಂಡನ ನಿವೇದನೆ ಎದುರು ಕೂತ ಹೆಂಡತಿಗೆ ತಲುಪಿ, ಪಾದ್ರಿ ಹೇಳುವ ಮೊದಲೇ ಅವನಿಗೆ ಪ್ರಾಯಶ್ಚಿತ್ತ ಆಗಿಹೋಗಿತ್ತು. ಪೆಟ್ಟಿಗೆ ಸರಿಸಿದರೆ ಕೇಳಿಸುವ ಜಾಗವೂ ಸರಿಯಿತು. ಖಾಲಿ ಬಿಟ್ಟರೆ ಭಕ್ತಿ ಹೆಚ್ಚಾದವರೆಲ್ಲ ಅಲ್ಲೇ ಬಂದು ಮಂಡಿಯೂರಿದರು. ಕೊನೆಗೆ ಹಿರಿಯರು ಒಂದು ತೀರ್ಮಾನಕ್ಕೆ ಬಂದರು: ಶನಿವಾರದ ನಿವೇದನೆ ಹೊತ್ತಿನಲ್ಲಿ ಅಲ್ಲೊಬ್ಬರು ಕಿವುಡರನ್ನು ಕೂರಿಸುವುದು, ಚಾಪೆಲ್ಲಿನ ಹಿಂದಿನ ಕೋಣೆ ಅವರಿಗೆ ಬಿಡುವುದು.

ಹಾಗೆ ಕೂರುತ್ತಾ ಬಂದವಳು ಕಿವುಡಜ್ಜಿ. ಇಟ್ಟಿಗೆ ಪುಡಿ ಮಾಡುವ ಯಂತ್ರಕ್ಕೆ ಆಯಸ್ಸೆಲ್ಲ ಉಣಿಸಿ ಕಿವಿ ಕಳೆದುಕೊಂಡವಳು. ಪರಿಹಾರ ಕೇಳಿ ಗೂಡಿನ ಮಾಲೀಕರ ಗೇಟಿನ ಮುಂದೆ ಧರಣಿ ಕೂತಿದ್ದಳು. ವಿಚಾರಣೆಯಲ್ಲಿ ಗೂಡಿನ ಮೇಸ್ತ್ರಿ ಎದ್ದು ನಿಂತು, "ಇವಳು ಹುಟ್ಟುಕಿವುಡಿ," ಅಂದ. ಕೇಸು ಬಿದ್ದುಹೋಯಿತು. ಆ ಸುಳ್ಳು ಎಷ್ಟು ಗಟ್ಟಿಯಾಗಿ ಕೂತಿತೆಂದರೆ ಅವಳ ಸ್ವಂತ ಅಳಿಯನೂ ನಂಬಿದ್ದ.

ಒಂದು ದಿನ ಮಗಳು ಯಾವುದೋ ಶಿಬಿರದಿಂದ ಕಿವಿಯ ಮಿಷನ್ ತಂದು ಸಿಕ್ಕಿಸಿದಳು.

"ಅಮ್ಮಾ, ಕೇಳಿಸ್ತಾ?"

"ಕಿರುಚಬೇಡ್ವೇ, ನಾನೇನು ಕಿವುಡೀನಾ?"

"ಗೊತ್ತಾದ್ರೆ ಕೋಣೆ ಕಿತ್ಕೊಳ್ತಾರೆ. ನಮ್ಮನೇಲಿ ಕಾಲು ಚಾಚೋಕೂ ಜಾಗ ಇಲ್ಲ."

"ತಲೆಗೆ ಬಟ್ಟೆ ಕಟ್ಕೋತೀನಿ. ನೀನು ಬಾಯಿಗೆ ಕಟ್ಕೋ."

ಶನಿವಾರ ಮಿಷನ್ ತೆಗೆದಿಟ್ಟೇ ಕೂರಬೇಕೆಂದುಕೊಂಡಿದ್ದಳು. ತೆಗೆಯಲಿಲ್ಲ. ಮೊದಮೊದಲು ಬಂದದ್ದೆಲ್ಲ ಸಪ್ಪೆ ಪಾಪಗಳು: ಹೊಟ್ಟೆಕಿಚ್ಚು, ಅತ್ತೆಗೆ ಬೈದದ್ದು. ತೂಕಡಿಕೆ ಹತ್ತಿತು. ಆಮೇಲೆ ಕೋಲೂರಿಕೊಂಡು ಮೇಸ್ತ್ರಿ ಬಂದ.

"ಫಾದರ್, ಆ ಕಿವುಡಿ ಹುಟ್ಟುಕಿವುಡಿ ಅಲ್ಲ. ಮಾಲೀಕರು ಹೇಳು ಅಂದ್ರು, ಹೇಳ್ಬಿಟ್ಟೆ."

ಎದ್ದು ಕೂಗಿದರೆ ಕೋಣೆ ಹೋಗುತ್ತದೆ. ಸುಮ್ಮನಿದ್ದರೆ ಇವನು ಹಗುರಾಗಿ ಮನೆಗೆ ಹೋಗುತ್ತಾನೆ. ಮಾತು ಬಂದ ದಾರಿಯಲ್ಲಿ ಮಾತು ಹೋಗಲೂ ಬೇಕಲ್ಲ. ಅಜ್ಜಿ ಗೋಡೆಗೆ ಮುಖ ತಂದು, ದನಿ ದಪ್ಪ ಮಾಡಿಕೊಂಡು ಪಿಸುಗುಟ್ಟಿದಳು:

"ಕೇಳಿಸ್ಲಿಲ್ಲಪ್ಪ. ಜೋರಾಗಿ ಹೇಳು."

ಅದೇ ಯಂತ್ರದ ಪಕ್ಕ ನಿಂತು ಮೇಸ್ತ್ರಿಯ ಕಿವಿಯೂ ಅರ್ಧ ಹೋಗಿತ್ತು. ಪಾದ್ರಿಯೇ ಅಂದರೆಂದುಕೊಂಡು ಗಂಟಲು ಬಿಚ್ಚಿ ಹೇಳಿದ. ಅದನ್ನೇ ಗುಮ್ಮಟ ಮತ್ತೆ ಹೇಳಿತು. ಸಾಲಿನಲ್ಲಿದ್ದವರೆಲ್ಲ ತಿರುಗಿದರು, ಅಳಿಯನೂ ಸೇರಿ.

ಒಬ್ಬಾಕೆ ಓಡಿಬಂದು ಅಜ್ಜಿಯ ಕಿವಿಯ ಬಳಿ ಕೂಗಿದಳು: "ಅಜ್ಜೀ, ನೀನು ಹುಟ್ಟುಕಿವುಡಿ ಅಲ್ವಂತೆ! ಅವನೇ ಒಪ್ಕೊಂಡ!"

"ಏನು?" ಅಂದಳು ಅಜ್ಜಿ.

ಆಕೆ ಇನ್ನೂ ಜೋರಾಗಿ ಕೂಗಿದಳು. ಬೀದಿಗೂ ಕೇಳಿಸಿತು. ಮೇಸ್ತ್ರಿ ತಗ್ಗು ಬಾಗಿಲು ಮರೆತು ಹಣೆ ಚಚ್ಚಿಕೊಂಡು ಹೋದ.

ಎಲ್ಲರೂ ಹೊರಟ ಮೇಲೆ ಪೆಟ್ಟಿಗೆಯೊಳಗಿಂದ ಪಾದ್ರಿಯ ಪಿಸುದನಿ ಗೋಡೆ ಹಿಡಿದು ಬಂತು.

"ಅಜ್ಜೀ, ನನ್ನ ಮಾತು ಕೇಳಿಸ್ತಿದೆಯಾ?"

"ಇಲ್ಲ ಫಾದರ್."

ಪಾದ್ರಿ ಪೆಟ್ಟಿಗೆಯಿಂದ ತಲೆ ಹೊರಹಾಕಿ, ಅಜ್ಜಿಯ ತಲೆಬಟ್ಟೆ ಕಿವಿಯ ಹತ್ತಿರ ಉಬ್ಬಿದ್ದನ್ನು ನೋಡಿದರು.

"ಹಾಗಿದ್ರೆ ಕೋಣೆ ನಿಮಗೇ ಇರಲಿ. ಶನಿವಾರ ಕೂರೋ ಮುಂಚೆ ಆ ಮಿಷನ್ ಮಾತ್ರ ನನ್ನ ಕೈಗೆ ಕೊಡಿ."

"ಯಾವ ಮಿಷನ್ನು?" ಅಂದಳು ಅಜ್ಜಿ.