ಆಪಾ ಕಟ್ಟಿದ ಮೂರು ಗಂಟು

ಬಸ್ಸು ತಪ್ಪಬಹುದಿತ್ತು. ಸಿಕ್ಕರೆ ಅದರ ಬ್ರೇಕು ತಪ್ಪಬಹುದಿತ್ತು. ಊಟದ ಡಬ್ಬಿಯ ಎಣ್ಣೆ ವರ್ಗಾವಣೆ ಆದೇಶದ ಮೇಲೆ ಸೋರಬಹುದಿತ್ತು. ಹೊಸ ಶಾಲೆಯ ಮುಖ್ಯಗುರುಗಳು ಆ ಕಲೆ ನೋಡಿಯೇ ನನ್ನ ಇಪ್ಪತ್ತು ವರ್ಷದ ಮೇಷ್ಟ್ರುಗಿರಿಯನ್ನು ಅಳೆಯಬಹುದಿತ್ತು. ಬಿ.ಪಿ. ಏರಬಹುದಿತ್ತು, ಗುಳಿಗೆ ಮನೆಯಲ್ಲೇ ಉಳಿಯಬಹುದಿತ್ತು. ಕಲಬುರಗಿಯಿಂದ ಕಮಲಾಪುರ ಒಂದು ತಾಸಿನ ದಾರಿ. ಅದಕ್ಕಾಗಿ ಮೂರು ದಿನ ಅನ್ನ ರುಚಿಸಿರಲಿಲ್ಲ.

ಇಷ್ಟು ಅಂಜುವವನಿಗೆ ದೇವರಾದರೂ ಇರಬೇಕಿತ್ತು. ಇರಲಿಲ್ಲ. ಕೊರಳಿನ ಲಿಂಗವನ್ನು ಎಂದೋ ಸ್ನಾನಕ್ಕೆಂದು ತೆಗೆದಿಟ್ಟು ಹಾಗೇ ಬಿಟ್ಟವನು ನಾನು. ಕಾಯುವವನೊಬ್ಬ ಇದ್ದಾನೆ ಎಂದು ಯಾರಾದರೂ ಹೇಳಿದರೆ, ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಮಹಡಿಯಲ್ಲಿದ್ದ ಖಾಲಿದಾ ಆಪಾರ ಕಡೆ ಬೆರಳು ಮಾಡುತ್ತಿದ್ದೆ. ಓಣಿಯ ಮಕ್ಕಳಿಗೆಲ್ಲ ಪುಕ್ಕಟೆ ಗಣಿತ ಹೇಳಿಕೊಡುವ ಆ ನಿವೃತ್ತ ಶಿಕ್ಷಕಿಯ ಗಂಡ ಬೇಗ ತೀರಿಕೊಂಡಿದ್ದ, ಮೊಣಕಾಲು ಸೋತಿದ್ದವು. ಕಾಯುವುದೆಂದರೆ ಹೀಗೇನು?

ಹೊರಡುವ ಬೆಳಿಗ್ಗೆ ಆಪಾ ಕೆಳಗೆ ಬಂದರು. ಪ್ರಯಾಣ ಹೊರಟವರ ತೋಳಿಗೆ ರಕ್ಷೆಯಾಗಿ ಬಟ್ಟೆಯಲ್ಲಿ ನಾಣ್ಯ ಸುತ್ತಿ ಕಟ್ಟುವ ಪದ್ಧತಿ ಅವರಲ್ಲಿದೆ, ಇಮಾಮ್ ಜಾಮಿನ್ ಎನ್ನುತ್ತಾರೆ. ತಮಗೆ ತಾವೇ ಕಟ್ಟಿಕೊಳ್ಳುವಂತಿಲ್ಲ, ಇನ್ನೊಬ್ಬರು ಕಟ್ಟಬೇಕು. ತಮ್ಮಲ್ಲಿ ಹಸಿರು ಬಟ್ಟೆ ಮುಗಿದಿದೆಯೆಂದು ನನ್ನ ಹೆಂಡತಿ ಸುಮಾಳ ಹಳೆಯ ಕುಪ್ಪಸದಿಂದ, ಹಳದಿ ಚುಕ್ಕೆಯ ಹಸಿರಿನದು, ಒಂದು ಪಟ್ಟಿ ಹರಿದುಕೊಂಡರು.

“ತೋಳು ಕೊಡ್ರಿ ಸರ್. ಅಂಜೋದು ನಿಮ್ಮ ಕೆಲಸ, ಕಟ್ಟೋದು ನಂದು.”

ಮೂರು ಗಂಟು ಬಿಗಿದರು. ಹೊಸ ಶಾಲೆಯವರು ಕಂಡರೆ ನಕ್ಕಾರೆಂದು ಮೇಲೆ ತುಂಬುತೋಳಿನ ಅಂಗಿ ಹಾಕಿದೆ. ಬಸ್ಸಿನಲ್ಲಿ ಮಾತ್ರ ಅಂಗಿಯ ಮೇಲಿಂದಲೇ ಮುಟ್ಟಿ ಮುಟ್ಟಿ ನೋಡಿಕೊಂಡೆ. ಶಾಲೆಯ ಗೇಟಿನಲ್ಲೂ ಅದು ತೋಳಿನಲ್ಲೇ ಇತ್ತು.

ಹಾಜರಾದೆ. ಮುಖ್ಯಗುರುಗಳು ಚಹಾ ತರಿಸಿದರು. ಹನ್ನೊಂದೂವರೆಗೆ, ಹೊಸ ಸಹೋದ್ಯೋಗಿಗಳೊಂದಿಗೆ ಹರಟುತ್ತ ಕುಳಿತಿದ್ದಾಗ, ಯಾರೋ ಬಿಚ್ಚಿದ ಹಾಗೆ ತೋಳು ಹಗುರಾಯಿತು. ಮುಟ್ಟಿದರೆ ಏನೂ ಇಲ್ಲ. ಮಣಿಕಟ್ಟಿನ ಗುಂಡಿ ಹಾಕಿದಂತೆಯೇ ಇತ್ತು. ಬೆಂಚಿನ ಕೆಳಗೆ ಬಗ್ಗಿದೆ.

“ಏನ್ ಹುಡಕ್ಲಾಕತ್ತೀರಿ ಸರ್?” ಎಂದರು ಪಕ್ಕದ ಹಿಂದಿ ಮೇಡಂ.

“ಬಟ್ಟಿ.”

“ಮೈಮ್ಯಾಲ ಅವಲ್ರೀ.”

ಎಲ್ಲರೂ ನಕ್ಕರು. ಅಷ್ಟರಲ್ಲಿ ಸುಮಾಳ ಫೋನು: ಆಪಾ ಮೆಟ್ಟಿಲಿನಿಂದ ಬಿದ್ದಿದ್ದಾರೆ, ಈಗಷ್ಟೇ. ತಲೆ ಕಲ್ಲಿಗೆ ಬಡಿಯುವುದು ಗೇಣಿನಷ್ಟರಲ್ಲಿ ತಪ್ಪಿದೆ. ಸೊಂಟದ ಎಲುಬು ಮುರಿದಂತಿದೆ.

ಸಂಜೆ ಕಲಬುರಗಿಗೆ ಮರಳಿ ಸೇಡಂ ರಸ್ತೆಯ ಆಸ್ಪತ್ರೆಗೆ ಹೋದೆ. ಮರುದಿನ ಆಪರೇಷನ್, ಈ ವಯಸ್ಸಿಗೆ ತಡೆದುಕೊಳ್ಳುವುದು ಕಷ್ಟ ಎಂದಿದ್ದರು ಡಾಕ್ಟರು. ಆಪಾರ ಬಲತೋಳಿನಲ್ಲಿ ಹಳದಿ ಚುಕ್ಕೆಯ ಹಸಿರು ಪಟ್ಟಿ ಇತ್ತು. ಮೂರು ಗಂಟು. ಬಿದ್ದವರನ್ನು ಎತ್ತಿ ಕೂರಿಸುವಾಗಲೇ ಇತ್ತಂತೆ. ಯಾರು ಕಟ್ಟಿದರೆಂದು ಅವರ ಮಗಳು ನಮ್ಮನ್ನೇ ಕೇಳಿದಳು. ಸುಮಾ ನನ್ನ ಮುಖ ನೋಡಿದಳು.

ನನಗೆ ಸಿಟ್ಟು ಬಂದಿತ್ತು. “ಎಲ್ಲಾರಿಗೂ ಕಟ್ಟತೀರಿ. ನಿಮ್ಮ ಪಾಳಿ ಬಂದಾಗ ಎಲ್ಲಿ ಹೋಗಿದ್ದ ನಿಮ್ಮ ಖುದಾ?”

ಆಪಾ ನೋವಿನಲ್ಲೇ ನಕ್ಕರು. “ಖುದಾಂದೂ ಹಾಜರಿ ಹಾಕ್ತೀರೇನ್ ಸರ್? ನಿಮ್ದು ಹಾಕ್ಯಾರಿಲ್ಲೋ ಹೇಳ್ರಿ ಮೊದಲ.”

ಆಪರೇಷನ್ ತಡೆದುಕೊಂಡರು. ಈಗ ಕೋಲೂರಿ ನಡೆಯುತ್ತಾರೆ, ಮಹಡಿ ಹತ್ತಲಾರರು. ಆ ಪಟ್ಟಿ ಕಮಲಾಪುರದಿಂದ ಅಲ್ಲಿಗೆ ಹೇಗೆ ಹೋಯಿತೆಂದು ಎಲ್ಲ ರೀತಿಯಲ್ಲೂ ಲೆಕ್ಕ ಹಾಕಿದ್ದೇನೆ. ಕುಪ್ಪಸದಿಂದ ಹರಿದದ್ದು ಒಂದೇ ಪಟ್ಟಿ. ಕಾದಿತೆನ್ನಲೇ, ಸೊಂಟ ಮುರಿದಿದೆ. ಕಾಯಲಿಲ್ಲವೆನ್ನಲೇ, ತಲೆ ಉಳಿದಿದೆ. ಕೊರಳಿಗೆ ಲಿಂಗ ಮರಳಿ ಬಂದಿಲ್ಲ. ಕಾಯುವವನಿಲ್ಲವೆಂದು ವಾದಿಸುವುದನ್ನು ಮಾತ್ರ ಬಿಟ್ಟಿದ್ದೇನೆ.

ನಾನು ಅಂಜಿದ್ದು ಒಂದೂ ಆಗಲಿಲ್ಲ. ಆಪಾ ಅಂದು ಮೆಟ್ಟಿಲು ಇಳಿಯುತ್ತಿದ್ದದ್ದು, ನಾನು ಕಮಲಾಪುರ ಮುಟ್ಟಿದೆನೋ ಇಲ್ಲವೋ ಎಂದು ಸುಮಾಳನ್ನು ಕೇಳಲು. ನಾನು ಮುಟ್ಟಿ ಒಂದು ತಾಸಾಗಿತ್ತು. ಮನೆಗೆ ಫೋನ್ ಮಾಡುವುದನ್ನು ಮರೆತಿದ್ದೆ.